ಡಿಶ್‌ವಾಷರ್ ನೀರು ಹೊರಹಾಕುತ್ತಿಲ್ಲ. ರಾತ್ರಿಗಿಂತ ಬೆಳಿಗ್ಗೆ ಹೆಚ್ಚು ನೀರು ನಿಂತಿರುತ್ತದೆ. ಏನು ಕಾರಣ?

ಕೆರೆಯಂಗಳ
ಎಲ್ಲರಿಗೂ ನಮಸ್ಕಾರ. ನಾವು ಕೋಲಾರದ ಹೊರವಲಯದ ಬಡಾವಣೆಯೊಂದರಲ್ಲಿದ್ದೇವೆ. ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆದ ನಮ್ಮ ಡಿಶ್‌ವಾಷರ್, ಸಂಕ್ರಾಂತಿ ಕಳೆದ ಮೇಲೆ ನೀರನ್ನು ಪೂರ್ತಿ ಹೊರಹಾಕುವುದನ್ನು ನಿಲ್ಲಿಸಿದೆ. ಊಟವಾದ ಮೇಲೆ ಒಂಬತ್ತೂವರೆಗೆ ಹಾಕಿದರೆ ಹನ್ನೊಂದೂವರೆಗೆ ಮುಗಿಯುತ್ತದೆ. ಆಗ ಬಾಗಿಲು ತೆಗೆದರೆ ತಳದಲ್ಲಿ ಎರಡು ಲೋಟದಷ್ಟು ನೀರು ಇರುತ್ತದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಕೆಳಗಿನ ಬುಟ್ಟಿಯ ಬುಡ ಮುಟ್ಟುವಷ್ಟು ನಿಂತಿರುತ್ತದೆ, ಅದೂ ತಣ್ಣಗೆ. ಕಳೆದ ಭಾನುವಾರವಂತೂ ಬಾಗಿಲಿನ ಅಡಿಯಿಂದ ಅಡುಗೆಮನೆಯ ನೆಲಕ್ಕೇ ಹರಿದಿತ್ತು.

ಸರ್ವೀಸಿನವರು ಬಂದು ಹತ್ತು ನಿಮಿಷ ನೋಡಿ, ಪಂಪು ಹೋಗಿದೆ, ಕೂಲಿ ಸೇರಿ 3,800 ರೂಪಾಯಿ ಆಗುತ್ತದೆ ಎಂದು ಬರೆದುಕೊಟ್ಟು ಹೋದರು. ಪಂಪು ಗುಂಯ್ ಎನ್ನುವುದು ನನಗೆ ಚೆನ್ನಾಗಿಯೇ ಕೇಳಿಸುತ್ತದೆ, ಆದ್ದರಿಂದ ನಂಬಿಕೆ ಬರುತ್ತಿಲ್ಲ. ದುಡ್ಡು ಸುರಿಯುವ ಮುಂಚೆ ನಾವೇ ನೋಡಬಹುದಾದದ್ದು ಏನಾದರೂ ಇದೆಯೇ? ಕಂಪನಿಯ ಹೆಸರು ಬೇಡ, ಚರ್ಚೆ ಆ ಕಡೆ ಹೋಗಿಬಿಡುತ್ತದೆ.

ಮುದ್ದೆಕೋಲು
ಮೊದಲ ಪ್ರಶ್ನೆ: ಮುದ್ದೆಯ ಪಾತ್ರೆಯನ್ನು ಹಾಗೆಯೇ ಒಳಗಿಡುತ್ತೀರಾ? ರಾಗಿ ಹಿಟ್ಟಿನ ಲೋಳೆ ಜರಡಿಯ ಸಣ್ಣ ರಂಧ್ರಗಳ ಮೇಲೆ ಪದರವಾಗಿ ಕೂತರೆ ನೀರು ಪಂಪಿನ ಬಾಯಿಗೆ ಇಳಿಯುವುದೇ ಇಲ್ಲ. ನಮ್ಮ ಮನೆಯಲ್ಲಿ ಮೂರು ಸಲ ಹೀಗಾಗಿದೆ, ಮೂರು ಸಲವೂ ನಾನೇ ಬೈಸಿಕೊಂಡಿದ್ದೇನೆ.

ಕೆರೆಯಂಗಳ
ಮುದ್ದೆಯ ಪಾತ್ರೆಯನ್ನು ನೆನೆಸಿ, ಕೆರೆದು, ಆಮೇಲೆಯೇ ಇಡುತ್ತೇವೆ. ಜರಡಿಯನ್ನು ವಾರಕ್ಕೊಮ್ಮೆ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುತ್ತೇನೆ. ನಿನ್ನೆಯೂ ತೊಳೆದೆ. ವ್ಯತ್ಯಾಸವಾಗಲಿಲ್ಲ.

ಗಡಸು ನೀರು
ಇದಕ್ಕೆ ಉತ್ತರ ಬಹಳ ಸರಳ: ನೀರು. ನಮ್ಮ ಜಿಲ್ಲೆಯ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು, ಅಷ್ಟು ಆಳದಿಂದ ಬರುವ ನೀರಿನಲ್ಲಿ ಸುಣ್ಣದಂಶ ಇಲ್ಲದಿರುತ್ತದೆಯೇ? ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಮ್ಮ ಮನೆಯ ನೀರನ್ನು ಪರೀಕ್ಷಿಸಿದಾಗ 700 ದಾಟಿತ್ತು. ನೀರನ್ನು ಮೆದುಗೊಳಿಸಲು ಯಂತ್ರದಲ್ಲಿರುವ ಉಪ್ಪಿನ ಡಬ್ಬಿ ಖಾಲಿಯಾಗಿದ್ದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ, ಪಂಪೂ ಬಿಗಿಯುತ್ತದೆ.

ಹಳೇ ಮೆಕ್ಯಾನಿಕ್
ಗಡಸು ನೀರಿನವರು ಹೇಳುವುದರಲ್ಲಿ ಸತ್ಯವಿದೆ, ಆದರೆ ಅದು ಈ ಕಾಯಿಲೆಯಲ್ಲ. ಸುಣ್ಣ ತಿಂಗಳುಗಟ್ಟಲೆ ನಿಧಾನವಾಗಿ ಕಟ್ಟುತ್ತದೆ, ಮೊದಲು ಗಾಜಿನ ಲೋಟದ ಮೇಲೆ ಬಿಳಿ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ಹಬ್ಬದ ಮರುದಿನ ದಿಢೀರನೆ ಬಂದು ಕೂರುವುದಿಲ್ಲ.

ಕೆರೆಯಂಗಳದವರೇ, ಪಂಪನ್ನು ಬದಲಿಸುವ ಮೊದಲು ಅದರ ಬಾಯಿಯನ್ನಾದರೂ ನೋಡಿ. ಪ್ಲಗ್ ತೆಗೆಯಿರಿ. ನಿಂತ ನೀರನ್ನು ಲೋಟದಿಂದ ಮೊಗೆದು ಉಳಿದದ್ದನ್ನು ಸ್ಪಂಜಿನಿಂದ ಹೀರಿಸಿ. ಜರಡಿ ಎತ್ತಿದ ಮೇಲೆ ಕಾಣುವ ಗುಂಡಿಯ ಒಂದು ಬದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಹಲವು ಮಾದರಿಗಳಲ್ಲಿ ಅದನ್ನು ಚಮಚದ ಹಿಡಿಯಿಂದ ಮೀಟಿ ತೆಗೆಯಬಹುದು. ಅದರ ಹಿಂದೆ ಪಂಪಿನ ಪುಟ್ಟ ರೆಕ್ಕೆಚಕ್ರ ಇರುತ್ತದೆ. ಬೆರಳಿನಿಂದ ತಿರುಗಿಸಿದರೆ ತಡೆತಡೆದು, ಒಳಗಿನ ಅಯಸ್ಕಾಂತದ ಎಳೆತಕ್ಕೆ ಹಂತಹಂತವಾಗಿ ತಿರುಗುತ್ತದೆ. ಅದು ಸಹಜ, ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಒಡೆದ ಗಾಜಿನ ಚೂರು ಸಿಕ್ಕಿಕೊಂಡಿರುವ ಸಂಭವ ಹೆಚ್ಚು, ಆದ್ದರಿಂದ ಬರಿಗೈ ಬೇಡ, ದಪ್ಪ ಕೈಗವಸು ಹಾಕಿಕೊಳ್ಳಿ.

ನಂದಿಯ ತಪ್ಪಲು
ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಇಷ್ಟೆಲ್ಲ ಬಿಚ್ಚುವ ಬದಲು ಅಡಿಗೆ ಸೋಡಾ ಹಾಕಿ ಅದರ ಮೇಲೆ ವಿನೆಗರ್ ಸುರಿದು ಬಿಡಿ. ಬುರಬುರ ನೊರೆ ಬಂದು ಕೊಳೆಯೆಲ್ಲ ಕಿತ್ತುಬರುತ್ತದೆ. ನಾನು ಸಿಂಕಿಗೂ ಹೀಗೆಯೇ ಮಾಡುತ್ತೇನೆ.

ಹಳೇ ಮೆಕ್ಯಾನಿಕ್
ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದು ಉಪ್ಪುನೀರಾಗುತ್ತವೆ, ನೊರೆ ನೋಡಲು ಚೆಂದ ಅಷ್ಟೇ. ಯಾರಾದರೂ ಸಿಂಕಿಗೆ ಹಾಕುವ ಕಾಸ್ಟಿಕ್ ಪುಡಿ ಹಾಕಿ ಎಂದು ಸಲಹೆ ಕೊಡುವ ಮುಂಚೆ ಅದನ್ನೂ ಹೇಳಿಬಿಡುತ್ತೇನೆ: ದಯವಿಟ್ಟು ಹಾಕಬೇಡಿ. ಕಟ್ಟಿಕೊಂಡ ನೀರಿನಲ್ಲಿ ಅದು ಹಾಗೆಯೇ ನಿಂತಿರುತ್ತದೆ, ಆಮೇಲೆ ಕೈ ಹಾಕಿದವರ ಚರ್ಮ ಸುಡುತ್ತದೆ.

ನಂದಿಯ ತಪ್ಪಲು
ನನ್ನ ಸಿಂಕು ಚೆನ್ನಾಗಿಯೇ ಇದೆ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಗೂಡಿನ ಮನೆ
ನಾನು ಶಿಡ್ಲಘಟ್ಟದವಳು. ನಡುವೆ ಕರೆಂಟು ಹೋಗುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಯಂತ್ರ ಅರ್ಧಕ್ಕೆ ನಿಂತರೆ ತೊಳೆದ ನೀರು ಒಳಗೇ ಉಳಿಯುತ್ತದೆ. ಕರೆಂಟು ಬಂದ ಮೇಲೆ ಅದೇ ಮುಂದುವರಿಯಬೇಕು, ಆದರೆ ಆ ನಡುವೆ ಬಾಗಿಲು ತೆಗೆದವರಿಗೆ ನೀರು ಹೋಗಿಲ್ಲ ಎನ್ನಿಸುತ್ತದೆ.

ಕೆರೆಯಂಗಳ
ಇಲ್ಲ, ಕಾರ್ಯಕ್ರಮ ಪೂರ್ತಿ ಮುಗಿದು ಸದ್ದಾದ ಮೇಲೆಯೇ ನೋಡುತ್ತೇನೆ. ಮುಗಿದ ಮೇಲೆ ಪ್ಲಗ್ ತೆಗೆದಿಡುವುದು ನಮ್ಮ ಮನೆಯ ರೂಢಿ.

ಮೆಕ್ಯಾನಿಕ್ ಅವರು ಹೇಳಿದಂತೆ ಮುಚ್ಚಳ ತೆಗೆದೆ. ರೆಕ್ಕೆಚಕ್ರ ತಿರುಗುತ್ತದೆ. ಆದರೆ ಅಲ್ಲಿ ಸಿಕ್ಕಿದ್ದೇನು ಗೊತ್ತೇ? ಅವರೆಕಾಳಿನ ಸಿಪ್ಪೆಗಳು, ಐದಾರು, ಒಂದರ ಮೇಲೊಂದು ಅಂಟಿಕೊಂಡಿದ್ದವು. ಹಬ್ಬಕ್ಕೆ ನೆಂಟರೆಲ್ಲ ಬಂದಿದ್ದರು, ಎರಡು ದಿನ ಹಿತಕಿದ ಬೇಳೆಯ ಸಾರೇ. ಸಿಪ್ಪೆ ಹಿತುಕಿದ ಪಾತ್ರೆಯನ್ನು ಯಾರೋ ಹಾಗೆಯೇ ಇಟ್ಟಿರಬೇಕು. ಇವತ್ತು ರಾತ್ರಿ ಓಡಿಸಿ ನೋಡುತ್ತೇನೆ. ಎಲ್ಲರಿಗೂ ಧನ್ಯವಾದ.

ಮುದ್ದೆಕೋಲು
ಅವರೆ! ಮುದ್ದೆಯ ಮೇಲೆ ಅಪವಾದ ಹೊರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಆ ಸಿಪ್ಪೆ ಬಿಸಿನೀರಿನಲ್ಲಿ ಕರಗುವುದೂ ಇಲ್ಲ, ಹರಿಯುವುದೂ ಇಲ್ಲ, ತೆಳ್ಳಗಿರುವುದರಿಂದ ಮಡಚಿಕೊಂಡು ಎಲ್ಲಿ ಬೇಕಾದರೂ ನುಸುಳುತ್ತದೆ. ಮೇ ತಿಂಗಳಿನಲ್ಲಿ ಶ್ರೀನಿವಾಸಪುರದ ಮಾವಿನಹಣ್ಣು ಬಂದಾಗ ವಾಟೆಯ ನಾರಿನದೂ ಇದೇ ಕಥೆ.

ಕೆರೆಯಂಗಳ
ಸಂತೋಷ ಒಂದೇ ರಾತ್ರಿ ಉಳಿಯಿತು. ಮುಗಿದ ಮೇಲೆ ನೋಡಿದಾಗ ಮೊದಲಿಗಿಂತ ಕಡಿಮೆ, ಒಂದು ಲೋಟದಷ್ಟು ಇತ್ತು. ಬೆಳಿಗ್ಗೆ ಮತ್ತೆ ಬುಟ್ಟಿಯ ಬುಡದವರೆಗೆ. ಮೊಗೆದು ಅಳೆದೆ, ಆರು ಲೀಟರಿಗಿಂತ ಹೆಚ್ಚು.

ಸರಿಯಾಗಿ ಹೇಳುವವ
ನಾನು ಮೊದಲೇ ಹೇಳಬೇಕೆಂದಿದ್ದೆ. ಪಂಪೇ ಹೋಗಿದೆ. ಗುಂಯ್ ಎಂದರೆ ಬದುಕಿದೆ ಎಂದರ್ಥವಲ್ಲ. ಸರ್ವೀಸಿನವರು ದಿನಕ್ಕೆ ಹತ್ತು ಯಂತ್ರ ನೋಡುತ್ತಾರೆ, ಅವರಿಗೆ ತಿಳಿಯದ್ದು ನಮಗೆ ತಿಳಿಯುತ್ತದೆಯೇ? ಬದಲಿಸಿ, ನಿಶ್ಚಿಂತೆಯಾಗಿರಿ.

ಹಳೇ ಮೆಕ್ಯಾನಿಕ್
ಪಂಪು ಹೋಗಿದೆಯೋ ಇಲ್ಲವೋ ಎಂದು ವಾದ ಮಾಡಬೇಕಾಗಿಲ್ಲ, ಒಂದು ಬಕೆಟ್ ಸಾಕು. ನೀರು ಹೊರಹೋಗುವ ಕೊಳವೆಯ ತುದಿಯನ್ನು ಈಗಿರುವ ಜಾಗದಿಂದ ತೆಗೆದು ನೆಲದ ಮೇಲಿನ ಬಕೆಟ್ಟಿಗೆ ಹಾಕಿ. ಯಂತ್ರದೊಳಗೆ ಎರಡು ಚೊಂಬು ನೀರು ಸುರಿಯಿರಿ. ಬಾಗಿಲು ಮುಚ್ಚಿ, ಕಾರ್ಯಕ್ರಮ ಆರಂಭಿಸಿ, ತಕ್ಷಣವೇ ರದ್ದು ಮಾಡಿ. ಅನೇಕ ಮಾದರಿಗಳಲ್ಲಿ ಆರಂಭದ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಸಾಕು. ರದ್ದಾದೊಡನೆ ಪಂಪು ಒಂದು ನಿಮಿಷ ಓಡುತ್ತದೆ. ಬಕೆಟ್ಟಿಗೆ ನೀರು ರಭಸದಿಂದ ಚಿಮ್ಮಿದರೆ ಪಂಪು ಆರೋಗ್ಯವಾಗಿದೆ, ತೊಂದರೆ ಮುಂದಿನ ದಾರಿಯಲ್ಲಿದೆ. ಸೊರಗಿ ಬಂದರೆ ಪಂಪನ್ನು ಅನುಮಾನಿಸೋಣ.

ಅಂದಹಾಗೆ ಪರದೆಯಿರುವ ಯಂತ್ರಗಳು ಈ ಸುಳಿವನ್ನು ಸಂಕೇತದಲ್ಲಿಯೇ ಕೊಡುತ್ತವೆ. ಬಾಷ್‌ನಲ್ಲಿ ಇ24 ಎಂದರೆ ಕೊಳವೆಯ ಕಡೆ ನೋಡಿ ಎಂದು, ಇ25 ಎಂದರೆ ಪಂಪಿನ ಕಡೆ ನೋಡಿ ಎಂದು. ಎಲ್‌ಜಿಯಲ್ಲಿ ನೀರು ಹೋಗದಿದ್ದರೆ ಓಇ ಎಂದು ಬರುತ್ತದೆ. ನಿಮ್ಮದರಲ್ಲಿ ಏನು ಬರುತ್ತಿದೆ?

ಕೆರೆಯಂಗಳ
ನಮ್ಮದರಲ್ಲಿ ಪರದೆಯಿಲ್ಲ, ಬರೀ ದೀಪಗಳು. ಅವು ಒಮ್ಮೊಮ್ಮೆ ಮಿಣುಕುತ್ತವೆ, ಒಮ್ಮೊಮ್ಮೆ ಸುಮ್ಮನಿರುತ್ತವೆ.

ಬಕೆಟ್ ಪರೀಕ್ಷೆ ಮಾಡಿದೆ. ನೀರು ಎಷ್ಟು ರಭಸದಿಂದ ಬಂದಿತೆಂದರೆ ಕೊಳವೆ ಬಕೆಟ್ಟಿನಿಂದ ಹಾರಿ ನನ್ನ ಸೀರೆ ತೋಯಿಸಿತು. ಹಾಗಾದರೆ ಪಂಪು ಸರಿಯಿದೆ ಎಂದಾಯಿತಲ್ಲ?

ಹಳೇ ಮೆಕ್ಯಾನಿಕ್
ಆಯಿತು. 3,800 ಉಳಿಯಿತು. ಈಗ ಹೇಳಿ, ಆ ಕೊಳವೆಯನ್ನು ಬಕೆಟ್ಟಿಗೆ ಹಾಕುವ ಮುಂಚೆ ಎಲ್ಲಿಂದ ತೆಗೆದಿರಿ?

ಕೆರೆಯಂಗಳ
ಹಿತ್ತಿಲಿನ ಡ್ರಮ್ಮಿನಿಂದ. ನೀಲಿ ಬಣ್ಣದ 200 ಲೀಟರಿನ ಡ್ರಮ್ಮು. ಮೊದಲು ಸಿಂಕಿನ ಕೆಳಗಿನ ಕೊಳವೆಗೇ ಸೇರಿಸಿತ್ತು. ದೀಪಾವಳಿಯ ಹೊತ್ತಿಗೆ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಬಂದಮೇಲೆ, ಪಾತ್ರೆ ತೊಳೆದ ನೀರನ್ನೂ ಆರ್‌ಒ ಯಂತ್ರ ಬಿಡುವ ನೀರನ್ನೂ ಡ್ರಮ್ಮಿಗೆ ಬಿಟ್ಟು ಗಿಡಗಳಿಗೆ ಹಾಕೋಣ ಎಂದು ಮಾವನವರು ವ್ಯವಸ್ಥೆ ಮಾಡಿದರು. ಬುಡದಲ್ಲಿ ನಲ್ಲಿ ಕೂರಿಸಿರುವುದರಿಂದ ಬಿಂದಿಗೆ ಹಿಡಿಯಲು ಅನುಕೂಲವಾಗಲೆಂದು ಡ್ರಮ್ಮನ್ನು ಸೈಜುಗಲ್ಲುಗಳ ಮೇಲಿಟ್ಟಿದ್ದಾರೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ? ಎರಡು ತಿಂಗಳು ಚೆನ್ನಾಗಿಯೇ ನಡೆದಿತ್ತಲ್ಲ.

ಪಾಠದ ಮೇಷ್ಟ್ರು
ಸಂಬಂಧವಿದೆಯೇ ಎಂದು ಕೇಳುತ್ತೀರಾ! ಮೊದಲ ಬರಹದಲ್ಲಿಯೇ ನೀವು ಉತ್ತರ ಬರೆದಿಟ್ಟಿದ್ದೀರಿ, ನಾವೆಲ್ಲ ಪಂಪು, ಮುದ್ದೆ, ಸುಣ್ಣ ಎಂದು ಅಲೆದೆವು. ರಾತ್ರಿ ಎರಡು ಲೋಟ, ಬೆಳಿಗ್ಗೆ ಆರು ಲೀಟರು. ಹೊರಹೋಗದೆ ಉಳಿದ ನೀರು ರಾತ್ರಿಯೆಲ್ಲ ಮರಿ ಹಾಕುವುದಿಲ್ಲ. ಅದು ಎಲ್ಲಿಂದಲೋ ಬರುತ್ತಿದೆ. ಒಳಬರುವ ನಲ್ಲಿಯ ಕವಾಟ ಸೋರಿದರೂ ಬರಬಹುದು, ಆದರೆ ಡ್ರಮ್ಮಿನ ವಿಷಯ ಕೇಳಿದ ಮೇಲೆ ನನ್ನ ಅನುಮಾನ ಅತ್ತಲೇ.

ಹೈಸ್ಕೂಲಿನಲ್ಲಿ ಸೈಫನ್ ಮಾಡಿದ್ದು ನೆನಪಿದೆಯೇ? ಮೇಲಿನ ಪಾತ್ರೆಯಲ್ಲಿ ಮುಳುಗಿದ ಕೊಳವೆ ನೀರಿನಿಂದ ತುಂಬಿದ್ದರೆ, ನಡುವೆ ಸ್ವಲ್ಪ ಏರಿದ್ದರೂ ನೀರು ಕೆಳಗಿನ ಪಾತ್ರೆಗೆ ತಾನೇ ಹರಿಯುತ್ತದೆ. ನಿಮ್ಮ ಡ್ರಮ್ಮು ಮೇಲಿನ ಪಾತ್ರೆ, ಡಿಶ್‌ವಾಷರಿನ ತಳ ಕೆಳಗಿನ ಪಾತ್ರೆ. ಪಂಪು ಕೊಳವೆಯನ್ನು ನೀರಿನಿಂದ ತುಂಬಿಸಿಕೊಟ್ಟು ನಿಂತುಬಿಡುತ್ತದೆ, ಉಳಿದ ಕೆಲಸವನ್ನು ಭೂಮಿ ಮಾಡುತ್ತದೆ. ಕೊಳವೆಯ ತುದಿ ನೀರಿನ ಮೇಲೆ ಗಾಳಿಯಲ್ಲಿದ್ದಿದ್ದರೆ ಕೊಳವೆಯೊಳಗಿನ ನೀರಷ್ಟೇ ಹಿಂದಿರುಗುತ್ತಿತ್ತು. ಒಳವ್ಯಾಸ 18 ಮಿಲಿಮೀಟರ್ ಎಂದುಕೊಂಡರೆ ಒಂದು ಮೀಟರಿಗೆ ಕಾಲು ಲೀಟರ್, ಮೂರು ಮೀಟರಿಗೆ ಮುಕ್ಕಾಲು ಲೀಟರ್. ಆರು ಲೀಟರು ಬರಬೇಕಾದರೆ ತುದಿ ಮುಳುಗಿಯೇ ಇರಬೇಕು. ಹೋಗಿ ನೋಡಿ.

ಸರಿಯಾಗಿ ಹೇಳುವವ
ಹಾಗೆ ಹಿಂದೆ ಬರದಿರಲೆಂದೇ ಯಂತ್ರದಲ್ಲಿ ಒಮ್ಮುಖ ಕವಾಟ ಇಟ್ಟಿರುತ್ತಾರೆ. ನಿಮ್ಮ ಸೈಫನ್ನು ಪುಸ್ತಕದಲ್ಲಿ ಸರಿ.

ಹಳೇ ಮೆಕ್ಯಾನಿಕ್
ಕವಾಟ ಎಂದರೆ ಪಂಪಿನಿಂದ ಕೊಳವೆ ಹೊರಡುವ ಬಾಯಿಯಲ್ಲಿರುವ ಒಂದು ರಬ್ಬರಿನ ಎಲೆ. ನೀರು ಹೋಗುವಾಗ ತೆರೆಯುತ್ತದೆ, ನಿಂತಾಗ ಮುಚ್ಚುತ್ತದೆ. ಅದರ ಅಂಚಿನಲ್ಲಿ ಒಂದೇ ಒಂದು ಅವರೆಸಿಪ್ಪೆ ಸಿಕ್ಕಿಕೊಂಡರೆ ಮುಚ್ಚುವುದು ಹೇಗೆ? ಮೇಷ್ಟ್ರ ಮಾತು ಸರಿಯಿದೆ, ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಇನ್ನೊಂದು ಮಾತು. ಡ್ರಮ್ಮಿನ ಎತ್ತರ ಸುಮಾರು 90 ಸೆಂಟಿಮೀಟರ್, ಕೆಳಗೆ ಸೈಜುಗಲ್ಲು ಬೇರೆ. ಕೊಳವೆಯ ತುದಿ ನೆಲದಿಂದ ಸಾಮಾನ್ಯವಾಗಿ 40ರಿಂದ 100 ಸೆಂಟಿಮೀಟರಿನ ನಡುವೆ ಇರಬೇಕು, ನಿಮ್ಮ ಕೈಪಿಡಿಯಲ್ಲಿ ನಿಖರವಾದ ಅಂಕಿ ಸಿಗುತ್ತದೆ. ಅದಕ್ಕಿಂತ ಮೇಲೆ ಎತ್ತಲು ಆ ಪುಟ್ಟ ಪಂಪಿಗೆ ತ್ರಾಣ ಸಾಲದು. ರಾತ್ರಿ ಉಳಿಯುವ ಎರಡು ಲೋಟ ಆ ಲೆಕ್ಕದ್ದು. ತೀರಾ ಕೆಳಗಿದ್ದರೂ ತಪ್ಪೇ, ಆಗ ತೊಳೆಯುತ್ತಿರುವ ನೀರೇ ಹೊರಕ್ಕೆ ಸೈಫನ್ ಆಗುತ್ತದೆ. ಬಕೆಟ್ ಪರೀಕ್ಷೆ ಪರೀಕ್ಷೆಗೆ ಮಾತ್ರ.

ಕೆರೆಯಂಗಳ
ಹೋಗಿ ನೋಡಿ ಬಂದು ಬರೆಯುತ್ತಿದ್ದೇನೆ. ನೆಲದಿಂದ ಡ್ರಮ್ಮಿನ ಬಾಯಿಗೆ 135 ಸೆಂಟಿಮೀಟರ್. ಕೊಳವೆ ಎರಡು ಅಡಿ ಒಳಗಿದೆ, ದಾರದಿಂದ ಬಿಗಿದು ಕಟ್ಟಿದೆ. ಹೀಗೆ ಯಾರು ಕಟ್ಟಿದರು ಎಂದು ವಿಚಾರಿಸಿದೆ. ಹಬ್ಬದ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಹಾಕಿದ ರಂಗೋಲಿಯ ಮೇಲೆ ನೀರು ಎರಚುತ್ತಿತ್ತೆಂದು ಅತ್ತೆಯವರು ಕೊಳವೆಯನ್ನು ಒಳಕ್ಕೆ ತಳ್ಳಿ ಕಟ್ಟಿದರಂತೆ. ಅಲ್ಲಿಯವರೆಗೆ ಅದು ಡ್ರಮ್ಮಿನ ಬಾಯಿಗೆ ನೇತಾಡುತ್ತಿತ್ತು.

ಭಾನುವಾರದ ವಿಷಯವೂ ಈಗ ಹೊಳೆಯಿತು. ಮಾವನವರು ದಿನವೂ ಐದು ಗಂಟೆಗೆ ಎದ್ದು ಡ್ರಮ್ಮಿನ ನೀರನ್ನು ಗಿಡಗಳಿಗೆ ಹಾಕುತ್ತಾರೆ. ಶನಿವಾರ ಮುಳಬಾಗಿಲಿಗೆ ಹೋದವರು ಭಾನುವಾರ ಮಧ್ಯಾಹ್ನ ಬಂದರು. ಆ ಬೆಳಿಗ್ಗೆ ಡ್ರಮ್ಮನ್ನು ಯಾರೂ ಮುಟ್ಟಿರಲಿಲ್ಲ.

ಪಾಠದ ಮೇಷ್ಟ್ರು
ನೋಡಿದಿರಾ! ಉಳಿದ ದಿನಗಳಲ್ಲಿ ಅವರು ನಲ್ಲಿ ತಿರುಗಿಸಿದೊಡನೆ ಡ್ರಮ್ಮಿನ ಮಟ್ಟ ಕೊಳವೆಯ ತುದಿಗಿಂತ ಕೆಳಗಿಳಿದು, ಗಾಳಿ ನುಗ್ಗಿ, ಸೈಫನ್ ಮುರಿಯುತ್ತಿತ್ತು. ಭಾನುವಾರ ಮುರಿಯಲಿಲ್ಲ. ನಿಮ್ಮ ಅಡುಗೆಮನೆಯನ್ನು ಇಷ್ಟು ದಿನ ಕಾಪಾಡಿದ್ದು ಮಾವನವರು ಬೇಗ ಏಳುವ ಅಭ್ಯಾಸ.

ಹಳೇ ಮೆಕ್ಯಾನಿಕ್
ಪ್ಲಗ್ ತೆಗೆದಿಡುವ ರೂಢಿಯೂ ಇದರಲ್ಲಿ ಪಾಲುದಾರ. ವಿದ್ಯುತ್ ಇದ್ದಿದ್ದರೆ, ಮಟ್ಟ ಮಿತಿ ಮೀರಿದಾಗ ಹಲವು ಯಂತ್ರಗಳು ತಾವಾಗಿಯೇ ಪಂಪನ್ನು ಓಡಿಸುತ್ತವೆ. ನಿಮ್ಮದು ಮಧ್ಯರಾತ್ರಿ ಗುಂಯ್ ಎಂದಿದ್ದರೆ ಆಗಲೇ ಅನುಮಾನ ಬರುತ್ತಿತ್ತು.

ತಿಪಟೂರು ತೆಂಗು
ವಿಷಯದ ಪಕ್ಕಕ್ಕೆ ಸರಿಯುತ್ತಿದ್ದೇನೆ, ಆದರೆ ಹೇಳದೆ ಇರಲಾರೆ. ಡಿಶ್‌ವಾಷರಿನ ನೀರನ್ನು ಯಾವ ಗಿಡಗಳಿಗೆ ಹಾಕುತ್ತಿದ್ದೀರಿ? ಆ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ, ನೀರು ತೀಕ್ಷ್ಣ ಕ್ಷಾರವಾಗಿರುತ್ತದೆ. ಅದರ ಮೇಲೆ, ಒಳಗಿನ ನೀರು ಮೆದುಗೊಳಿಸುವ ಘಟಕ ತನ್ನನ್ನು ತೊಳೆದುಕೊಂಡಾಗಲೆಲ್ಲ ಉಪ್ಪುನೀರು ಹೊರಬರುತ್ತದೆ. ಸೋಡಿಯಂ ಸೇರುತ್ತಾ ಹೋದರೆ ಮಣ್ಣು ಬಿಗಿದುಕೊಂಡು ನೀರು ಇಂಗುವುದಿಲ್ಲ. ತೆಂಗು ಉಪ್ಪನ್ನು ಸ್ವಲ್ಪ ತಡೆಯುತ್ತದೆ, ಎಲ್ಲ ಗಿಡವೂ ತಡೆಯುವುದಿಲ್ಲ.

ಕೆರೆಯಂಗಳ
ಕರಿಬೇವು, ದಾಸವಾಳ, ಒಂದು ನುಗ್ಗೆ. ಕರಿಬೇವಿನ ಎಲೆಯಂಚು ಕಂದಾಗುತ್ತಿದೆ ಎಂದು ಅತ್ತೆಯವರು ಹೇಳುತ್ತಿದ್ದರು, ಚಳಿಗೆ ಇರಬೇಕು ಎಂದುಕೊಂಡಿದ್ದೆವು.

ಗೂಡಿನ ಮನೆ
ಒಂದು ತೊಳೆತಕ್ಕೆ ಹತ್ತು ಹನ್ನೆರಡು ಲೀಟರ್ ನೀರು. ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ್ದನ್ನು ಮೋರಿಗೆ ಬಿಡು ಎಂದರೆ ಹಿರಿಯರಿಗೆ ಮನಸ್ಸು ಬಂದೀತೇ? ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿರುವ ಕಾಲವಿದು. ಗಿಡಕ್ಕೆ ಬೇಡವಾದರೆ ಅಂಗಳ, ಮೋಟಾರ್ ಸೈಕಲ್ಲು ತೊಳೆಯಲಿ, ಶೌಚಾಲಯಕ್ಕೆ ಸುರಿಯಲಿ. ಆರ್‌ಒ ನೀರನ್ನು ಮಾತ್ರ ಬೇರೆ ಹಿಡಿದು ಗಿಡಕ್ಕೆ ಹಾಕಲಿ.

ಗಡಸು ನೀರು
ಆ ಆರ್‌ಒ ನೀರೂ ಗಡಸೇ ಎಂಬುದನ್ನು ಮರೆಯಬೇಡಿ. ಮೂಲ ನೀರಿನ ಲವಣವೆಲ್ಲ ಅದರಲ್ಲಿಯೇ ಸಾಂದ್ರವಾಗಿ ಉಳಿಯುತ್ತದೆ.

ಗೂಡಿನ ಮನೆ
ಸರಿ, ಹಾಗಾದರೆ ಗಿಡಕ್ಕೆ ಮಳೆಗಾಲದವರೆಗೆ ಕಾಯಲು ಹೇಳೋಣ.

ಕೆರೆಯಂಗಳ
ಐದು ದಿನಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ರಾತ್ರಿ ಬೇರೇನೂ ಮಾಡದೆ ಕೊಳವೆಯ ತುದಿಯನ್ನು ಡ್ರಮ್ಮಿನ ನೀರಿನಿಂದ ಮೇಲಕ್ಕೆತ್ತಿ ಕಟ್ಟಿದೆವು. ಬೆಳಿಗ್ಗೆ ಒಳಗಿದ್ದದ್ದು ಮುಕ್ಕಾಲು ಲೀಟರ್. ಮೇಷ್ಟ್ರ ಲೆಕ್ಕಕ್ಕೆ ಮನೆಯವರೆಲ್ಲ ಬೆರಗಾದರು.

ಶನಿವಾರ ನನ್ನ ತಮ್ಮ ಬಂದ. ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ನೀರನ್ನೆಲ್ಲ ಹೀರಿಸಿ, ಯಂತ್ರವನ್ನು ಹಳೆಯ ಕಂಬಳಿಯ ಮೇಲೆ ಮಲಗಿಸಿದೆವು. ಉಪ್ಪಿನ ಡಬ್ಬಿಯಲ್ಲಿದ್ದ ನೀರು ಚೆಲ್ಲಿ ಕಂಬಳಿ ಹಾಳಾಯಿತು, ಅದನ್ನು ಯಾರೂ ಮೊದಲೇ ಹೇಳಲಿಲ್ಲ. ಪಂಪು ಕಾಲು ಸುತ್ತು ತಿರುಗಿಸಿದರೆ ಕೈಗೆ ಬಂತು. ಆ ರಬ್ಬರಿನ ಎಲೆ ಅರ್ಧ ತೆರೆದುಕೊಂಡೇ ನಿಂತಿತ್ತು. ಅಂಚಿಗೆ ಮಡಚಿ ಕೂತಿದ್ದ ಅವರೆಸಿಪ್ಪೆ ಒಂದು, ಅದರ ಸುತ್ತ ಬಿಳಿಯ ಸುಣ್ಣದ ಪದರ. ರಬ್ಬರು ಸುಣ್ಣಕ್ಕೆ ಬಿರುಸಾಗಿತ್ತು, ಆದ್ದರಿಂದ ಗಡಸು ನೀರಿನವರಿಗೂ ಅರ್ಧ ಅಂಕ ಸಲ್ಲಬೇಕು. ನಿಂಬೆರಸದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದ ಮೇಲೆ ಮೆತ್ತಗಾಗಿ ಸರಿಯಾಗಿ ಮುಚ್ಚಿಕೊಳ್ಳುತ್ತಿದೆ.

ಹಿತ್ತಿಲಿನಲ್ಲಿ ಗೋಡೆಗೆ ಎರಡು ಇಂಚಿನ ಪಿವಿಸಿ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದ್ದೇವೆ, ಅದರ ಬಾಯಿ ನೆಲದಿಂದ 60 ಸೆಂಟಿಮೀಟರ್. ಯಂತ್ರದ ಕೊಳವೆ ಅದರ ಬಾಯಿಗೆ ಸಡಿಲವಾಗಿ ಕೊಕ್ಕೆಯಂತೆ ಕೂತಿದೆ, ಸುತ್ತ ಗಾಳಿಯಾಡುತ್ತದೆ. ಅಲ್ಲಿಂದ ನೀರು ತಾನಾಗಿ ಇಳಿದು, ನೆಲದಲ್ಲಿ ಅರ್ಧ ಹೂತ ಟಬ್ಬಿಗೆ ಬೀಳುತ್ತದೆ. ಮೂರು ದಿನದಿಂದ ಯಂತ್ರದ ತಳ ಒಣಗಿದೆ.

ಸರಿಯಾಗಿ ಹೇಳುವವ
ರಬ್ಬರು ಬಿರುಸಾಗಿದ್ದರೆ ಇನ್ನಾರು ತಿಂಗಳಿಗೆ ಬದಲಿಸಲೇಬೇಕಾಗುತ್ತದೆ. ಬರೆದಿಟ್ಟುಕೊಳ್ಳಿ.

ಹಳೇ ಮೆಕ್ಯಾನಿಕ್
ಈ ಸಲ ಅವರು ಹೇಳಿದ್ದು ಸರಿ. ರಬ್ಬರಿನ ಎಲೆ ಬಿಡಿಯಾಗಿ ಸಿಕ್ಕರೆ ಅಗ್ಗ, ಆದರೆ ಕೆಲವು ಮಾದರಿಗಳಲ್ಲಿ ಬಿಡಿಯಾಗಿ ಕೊಡುವುದಿಲ್ಲ. ಉಪ್ಪಿನ ಡಬ್ಬಿಯನ್ನು ಮರೆಯದೆ ತುಂಬಿಸಿ, ನೀರಿನ ಗಡಸುತನಕ್ಕೆ ತಕ್ಕಂತೆ ಯಂತ್ರದ ಮಟ್ಟವನ್ನು ಹೊಂದಿಸಿ. ಕೈಪಿಡಿಯಲ್ಲಿ ಅದು ಜರ್ಮನ್ ಡಿಗ್ರಿಯಲ್ಲಿದ್ದರೆ, ಒಂದು ಡಿಗ್ರಿ ಎಂದರೆ ಲೀಟರಿಗೆ 17.8 ಮಿಲಿಗ್ರಾಂ.

ಮುದ್ದೆಕೋಲು
ಮಾವನವರು ಒಪ್ಪಿದರೇ?

ಕೆರೆಯಂಗಳ
ಟಬ್ಬಿನಿಂದ ಬಗ್ಗಿ ಮೊಗೆಯಬೇಕಲ್ಲ ಎಂದು ಮುನಿಸಿಕೊಂಡಿದ್ದಾರೆ. ಡ್ರಮ್ಮು ಸೈಜುಗಲ್ಲಿನ ಮೇಲೆಯೇ ಇದೆ, ಇಳಿಸಲು ಬಿಟ್ಟಿಲ್ಲ. ಮಳೆ ಬಂದರೆ ಸೂರಿನ ನೀರು ಹಿಡಿಯುತ್ತಾರಂತೆ.